ಗುಜರಿಯ ಗುಟ್ಟು ಅರಿತ ಕುಲುಮೆ

'ಹಳೇ ಕಬ್ಬಿಣಾ, ಹಳೇ ಪಾತ್ರೇ' ಎಂದು ಕೂಗುತ್ತ ತಳ್ಳುಗಾಡಿ ನೂಕಿಕೊಂಡು ಬರುವ ಗುಜರಿಯವನು ನಂಜನಗೂಡಿನ ಬೀದಿಗಳಿಗೆ ಹೊಸಬನಲ್ಲ. ತಿರುಮಕೂಡಲು ನರಸೀಪುರದ ಸಂತೆಗೂ ಹೊಸಬನಲ್ಲ. ತೂತು ಬಿದ್ದ ಪಾತ್ರೆ, ಸವೆದ ನೇಗಿಲ ಗುಳ, ಮುರಿದ ಸೈಕಲ್ಲು, ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ಎಲ್ಲವೂ ಅವನ ತಕ್ಕಡಿಯನ್ನು ಏರುತ್ತವೆ. ಆ ವಸ್ತು ಯಾರ ಮನೆಯಲ್ಲಿತ್ತು, ಎಷ್ಟು ವರ್ಷ ದುಡಿಯಿತು ಎಂಬುದನ್ನು ಅವನು ಕೇಳುವುದಿಲ್ಲ. ಕಬ್ಬಿಣಕ್ಕೆ ಒಂದು ದರ, ಹಿತ್ತಾಳೆಗೆ ಒಂದು ದರ, ತಾಮ್ರಕ್ಕೆ ಇನ್ನೊಂದು ದರ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಆದರೆ ಈ ಗುಜರಿ ಲಾರಿ ಹತ್ತಿ ಫೌಂಡ್ರಿಯ ಅಂಗಳ ತಲುಪಿದಾಗ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಈ ರಾಶಿಯಲ್ಲಿ ಇರುವುದು ಏನು? ಎಷ್ಟು ಇಂಗಾಲ, ಎಷ್ಟು ಗಂಧಕ, ಎಷ್ಟು ತಾಮ್ರ? ಹಳೆಯ ಲೋಹವನ್ನು ಕರಗಿಸಿ ಹೊಸ ಎರಕ ಹೊಯ್ಯುವವನಿಗೆ ಎರಡು ವಿದ್ಯೆ ಬೇಕು. ಕರಗಿಸುವುದು ಹೇಗೆ ಎಂಬುದು ಮೊದಲನೆಯದು. ಕರಗುತ್ತಿರುವುದು ಏನು ಎಂಬುದು ಎರಡನೆಯದು. ಮೊದಲನೆಯ ವಿದ್ಯೆ ಮನುಷ್ಯನಿಗೆ ಸಾವಿರಾರು ವರ್ಷಗಳ ಹಿಂದೆಯೇ ಒಲಿಯಿತು. ಎರಡನೆಯದು ಪೂರ್ತಿಯಾಗಿ ಕೈಗೆ ಬಂದದ್ದು ತೀರ ಈಚೆಗೆ. ಇಂದು ಫೌಂಡ್ರಿಗಳಿಗೆ ಬಂದಿರುವ ಕಂಪ್ಯೂಟರು, ಸಂವೇದಕ, ಅಂಕಿಗಳ ಪರದೆ ಇವೆಲ್ಲ ಮುಖ್ಯವಾಗಿ ಈ ಎರಡನೆಯ ಪ್ರಶ್ನೆಗೆ ಹುಡುಕಿದ ಉತ್ತರಗಳು.

ಕಲ್ಲು ಕೂಡದು, ಲೋಹ ಕೂಡುತ್ತದೆ

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಸಂಗಮದ ಬಳಿ ಮೈಸೂರು ವಿಶ್ವವಿದ್ಯಾಲಯದ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನ ನವಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದಿತು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಅಲ್ಲಿ ದೊರೆತ ಸುಟ್ಟ ಮಣ್ಣಿನ ತಲೆದಿಂಬುಗಳು ವಿದ್ವಾಂಸರ ಕುತೂಹಲ ಕೆರಳಿಸಿದುವು. ಆ ಯುಗದ ಜನರ ಮುಖ್ಯ ಸಲಕರಣೆ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿ. ಅದರ ಬಾಯಿ ಮೊಂಡಾದರೆ ಮತ್ತೆ ಉಜ್ಜಬಹುದಿತ್ತು. ಆದರೆ ಕೊಡಲಿಯೇ ಎರಡು ಹೋಳಾದರೆ? ಒಡೆದ ಕಲ್ಲನ್ನು ಯಾರೂ ಕೂಡಿಸಲಾರರು. ಹೊಸ ಕಲ್ಲನ್ನೇ ಹುಡುಕಬೇಕು.

ಲೋಹ ಹಾಗಲ್ಲ. ಮುರಿದ ಕಂಚಿನ ಬಟ್ಟಲು ಮೂಸೆಯಲ್ಲಿ ಕರಗಿ ಮರುದಿನ ಗಂಟೆಯಾಗಬಹುದು. ಮನುಷ್ಯ ಲೋಹಕ್ಕೆ ಮಾರುಹೋದದ್ದು ಅದರ ಗಟ್ಟಿತನಕ್ಕೆ ಮಾತ್ರವಲ್ಲ, ಈ ಮರುಹುಟ್ಟಿನ ಗುಣಕ್ಕೂ ಹೌದು. ಗುಜರಿ ವ್ಯಾಪಾರ ಲೋಹದಷ್ಟೇ ಹಳೆಯದು ಎಂದರೆ ತಪ್ಪಾಗಲಾರದು.

ಈ ಮರುಹುಟ್ಟಿಗೆ ಒಂದು ಬೆಲೆಯೂ ಉಂಟು. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗರ ಚರಿತ್ರೆಯ ಬಹುಭಾಗ ತಿಳಿದಿರುವುದು ಅವರು ಬರೆಸಿದ ತಾಮ್ರ ಶಾಸನಗಳಿಂದ. ಅಂಥ ಒಂದು ಫಲಕ ಕಂಚುಗಾರನ ಮೂಸೆಗೆ ಬಿದ್ದರೆ ತಾಮ್ರವೇನೋ ಉಳಿಯುತ್ತದೆ, ಅದರ ಮೇಲಿನ ಅಕ್ಷರ ಉಳಿಯುವುದಿಲ್ಲ. ಕರಗಿದ ಲೋಹಕ್ಕೆ ಆಕಾರದ ನೆನಪಿಲ್ಲ. ಆದರೆ ಬೆರಕೆಯ ನೆನಪು ಮಾತ್ರ ಅಳಿಯುವುದಿಲ್ಲ. ಹಿಂದೆ ಸೇರಿದ ಸೀಸ, ತವರ, ತಾಮ್ರ ಎಷ್ಟು ಸಲ ಕರಗಿಸಿದರೂ ಅಲ್ಲಿಯೇ ಕುಳಿತಿರುತ್ತದೆ. ಗುಜರಿ ಕರಗಿಸುವವನ ಸಂಕಟ ಆರಂಭವಾಗುವುದು ಇಲ್ಲಿಂದ.

ಮೇಣದ ಲೆಕ್ಕ, ಕಣ್ಣಿನ ಅಳತೆ

ಎರಕದ ಕೆಲಸದಲ್ಲಿ ಲೆಕ್ಕ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ವಿಗ್ರಹ ಎರಕದ ವಿಧಾನ ವಿವರವಾಗಿದೆ. ಮೊದಲು ಮೇಣದಲ್ಲಿ ವಿಗ್ರಹ ಮಾಡಬೇಕು. ಅದಕ್ಕೆ ಮಣ್ಣಿನ ಲೇಪ ಕೊಡಬೇಕು. ಕಾಯಿಸಿ ಮೇಣವನ್ನು ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯಬೇಕು. ಮೇಣದ ತೂಕಕ್ಕೆ ಎಷ್ಟು ಪಟ್ಟು ಲೋಹ ಬೇಕು ಎಂಬ ಲೆಕ್ಕವನ್ನೂ ಗ್ರಂಥ ಲೋಹವಾರು ಕೊಡುತ್ತದೆ. ಇದರ ತರ್ಕ ಸರಳ. ಮೇಣ ನೀರಿಗಿಂತ ತುಸು ಹಗುರ; ಕಂಚು ನೀರಿಗಿಂತ ಸುಮಾರು 8.8 ಪಟ್ಟು ಭಾರ. ಹಾಗಾಗಿ ಒಂದು ಸೇರು ಮೇಣದ ಜಾಗ ತುಂಬಲು ಸುಮಾರು ಒಂಬತ್ತು ಸೇರು ಕಂಚು ಬೇಕು. ಲೋಹ ಕಡಿಮೆಯಾದರೆ ವಿಗ್ರಹ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಾದರೆ ಸೌದೆ, ಇದ್ದಿಲು, ದುಡಿಮೆ ಎಲ್ಲ ದಂಡ. ಇಂದಿನ ಫೌಂಡ್ರಿಯ ಕಂಪ್ಯೂಟರು ಮಾಡುವ ಮೊದಲ ಲೆಕ್ಕವೂ ಇದೇ. ನಾಗಮಂಗಲದ ವಿಶ್ವಕರ್ಮ ಕುಶಲಿಗಳ ಎರಕದ ಕೆಲಸ ಈ ಹಳೆಯ ವಿದ್ಯೆಯ ಮುಂದುವರಿಕೆ.

ತೂಕದ ಲೆಕ್ಕ ಹೀಗೆ ಬರಹಕ್ಕೆ ಬಂದಿತು. ಗುಣದ ಲೆಕ್ಕ ಮಾತ್ರ ಕಣ್ಣಿನಲ್ಲಿ, ಕಿವಿಯಲ್ಲಿ, ಕೈಯಲ್ಲಿ ಉಳಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣದ ಕುಲುಮೆಗಳನ್ನೂ ಉಕ್ಕಿನ ಮೂಸೆಗಳನ್ನೂ ಕಂಡು ಬರೆದ. ಮೆದು ಕಬ್ಬಿಣದ ತುಂಡಿನೊಂದಿಗೆ ತಂಗಡಿ ಗಿಡದ ಕಡ್ಡಿಯನ್ನು ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಯಿಸಿದರೆ, ಗಿಡದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗಾಗಿ ಉಕ್ಕನ್ನು ಎಳೆಯುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಇಂಗಾಲ ಶೇಕಡ ಎಷ್ಟು ಎಂದು ಆ ಕುಶಲಿಗಳನ್ನು ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಆದರೆ ಕಡ್ಡಿ ಎಷ್ಟು ಹಾಕಬೇಕು, ತಿದಿ ಎಷ್ಟು ಹೊತ್ತು ಒತ್ತಬೇಕು ಎಂಬುದು ಅವರಿಗೆ ಗೊತ್ತಿತ್ತು.

ಫೌಂಡ್ರಿಗಳಲ್ಲಿ ಈ ಬಗೆಯ ಅರಿವು 20ನೆಯ ಶತಮಾನದವರೆಗೂ ಆಳಿತು. ಕರಗಿದ ಕಬ್ಬಿಣದ ಬಣ್ಣ ನೋಡಿ ಕಾವು ಹೇಳುವ ಮೇಸ್ತ್ರಿ ಪ್ರತಿ ಫೌಂಡ್ರಿಯ ಆಸ್ತಿಯಾಗಿದ್ದ. ಒಂದಿಷ್ಟು ದ್ರವವನ್ನು ಸಣ್ಣ ಅಚ್ಚಿಗೆ ಹೊಯ್ದು, ಆರಿದ ಮೇಲೆ ಸುತ್ತಿಗೆಯಿಂದ ಒಡೆದು, ಮುರಿದ ಮುಖವನ್ನು ಅವನು ನೋಡುತ್ತಿದ್ದ. ಮುಖ ಬೂದು ಬಣ್ಣಕ್ಕಿದ್ದರೆ ಮೆದು ಎರಕ, ಬೆಳ್ಳಗಿದ್ದರೆ ಗಡಸು. ಈ ಪರೀಕ್ಷೆ ಸುಳ್ಳಲ್ಲ. ಇಂದಿಗೂ ಅನೇಕ ಕಡೆ ನಡೆಯುತ್ತದೆ. ಆದರೆ ಆ ಮೇಸ್ತ್ರಿ ನಿವೃತ್ತನಾದ ದಿನ ಅವನ ಅರಿವೂ ಅವನೊಂದಿಗೆ ಮನೆಗೆ ಹೋಗುತ್ತಿತ್ತು.

ತಾಮ್ರ ಎಂಬ ತೊಡಕು

ಗಣಿಯಿಂದ ಬಂದ ಅದಿರನ್ನು ಕರಗಿಸುವವನಿಗೆ ಈ ಚಿಂತೆ ಅಷ್ಟಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಹತ್ತಿರದ ಬೆಟ್ಟದಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ ಬರುತ್ತಿತ್ತು. ಬೆಟ್ಟ ಒಂದೇ ಆದಾಗ ಅದಿರಿನ ಗುಣವೂ ಹೆಚ್ಚುಕಡಿಮೆ ಒಂದೇ. ಗುಜರಿಯ ರಾಶಿ ಹಾಗಲ್ಲ. ಇಂದು ಬಂದ ಲಾರಿಯಲ್ಲಿ ಹಳಿಯ ತುಂಡು, ನಾಳಿನ ಲಾರಿಯಲ್ಲಿ ಮೋಟಾರು ಕಾರಿನ ಒಡಲು.

ಕಾರಿನ ಒಡಲಿನೊಳಗೆ ತಾಮ್ರದ ತಂತಿ ಉಂಟು, ಸಣ್ಣ ಸಣ್ಣ ಮೋಟಾರುಗಳುಂಟು. ಅವನ್ನು ಬಿಡಿಸಿ ತೆಗೆಯದೆ ಹಾಗೆಯೇ ಕರಗಿಸಿದರೆ ತಾಮ್ರ ಉಕ್ಕಿಗೆ ಸೇರುತ್ತದೆ. ಸೇರಿದ ಮೇಲೆ ಹೊರಬರುವುದಿಲ್ಲ. ಕರಗಿದ ಉಕ್ಕಿಗೆ ಆಮ್ಲಜನಕ ಊದಿದಾಗ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್ ಉರಿದು ಅನಿಲವಾಗಿಯೋ ಕಿಟ್ಟವಾಗಿಯೋ ಬೇರ್ಪಡುತ್ತವೆ. ತಾಮ್ರ ಕಬ್ಬಿಣಕ್ಕಿಂತ ನಿಧಾನಿ. ಅದು ಉರಿಯುವ ಮುನ್ನ ಕಬ್ಬಿಣವೇ ಉರಿದು ಹೋಗುತ್ತದೆ. ಹೀಗೆ ಉಳಿದ ತಾಮ್ರ ಶೇಕಡ ಒಂದರ ಮೂರನೆಯ ಒಂದು ಭಾಗದಷ್ಟಿದ್ದರೂ, ಉಕ್ಕನ್ನು ಕೆಂಪಗೆ ಕಾಯಿಸಿ ಉರುಳೆಗಳ ನಡುವೆ ಒತ್ತುವಾಗ ಮೇಲ್ಮೈಯಲ್ಲಿ ಬಿರುಕು ಕಾಣಿಸಬಹುದು. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ಉಕ್ಕಿನ ಕಣಗಳ ಸಂದಿಗೆ ಇಳಿಯುವುದೇ ಇದಕ್ಕೆ ಕಾರಣ. ಅಲ್ಯೂಮಿನಿಯಂ ಕರಗಿಸುವವನಿಗೂ ಇಂಥದೇ ಪೀಡೆಯೊಂದಿದೆ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯ ಅಲ್ಯೂಮಿನಿಯಂ ಕರಗಿಸಲು ಬೇಕಾದ ಶಕ್ತಿ ಶೇಕಡ 5ರಷ್ಟು ಮಾತ್ರ. ಆದರೆ ಮರೆತು ಉಳಿದ ಕಬ್ಬಿಣದ ಬೋಲ್ಟುಗಳು ಅದನ್ನು ಬಿರುಸಾಗಿಸುತ್ತವೆ.

ಬೆರಕೆಯನ್ನು ತೆಗೆಯಲಾಗದಿದ್ದರೆ ಮೊದಲೇ ಅರಿಯುವುದೊಂದೇ ದಾರಿ. ಆ ದಾರಿ ತೋರಿಸಿದ್ದು ಬೆಳಕು. ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ 1859-60ರಲ್ಲಿ ಒಂದು ಸಂಗತಿಯನ್ನು ಸ್ಥಾಪಿಸಿದರು. ಕಾದ ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಬಣ್ಣದ ಗೆರೆಗಳನ್ನು ಹೊಮ್ಮಿಸುತ್ತದೆ. ಎರಡು ಮೂಲವಸ್ತುಗಳ ಗೆರೆಗಳು ಒಂದೇ ಆಗಿರುವುದಿಲ್ಲ. ಇಂದಿನ ಫೌಂಡ್ರಿಯ ಸ್ಪೆಕ್ಟ್ರೋಮೀಟರ್ ಇದೇ ತತ್ವದ ಯಂತ್ರ. ಕರಗಿದ ಲೋಹದಿಂದ ಬಿಲ್ಲೆಯೊಂದನ್ನು ಹೊಯ್ದು, ಉಜ್ಜಿ, ಯಂತ್ರಕ್ಕೆ ಕೊಟ್ಟರೆ ವಿದ್ಯುತ್ತಿನ ಕಿಡಿ ಹಾರುತ್ತದೆ. ಆ ಕಿಡಿಯ ಬೆಳಕನ್ನು ಗೆರೆಗಳಾಗಿ ಬಿಡಿಸಿ, ಪ್ರತಿಯೊಂದು ಗೆರೆಯ ಪ್ರಖರತೆಯನ್ನು ಅಳೆದು, ಇಂಗಾಲ ಇಷ್ಟು, ಗಂಧಕ ಇಷ್ಟು, ತಾಮ್ರ ಇಷ್ಟು ಎಂದು ಕಂಪ್ಯೂಟರು ಒಂದೆರಡು ನಿಮಿಷದೊಳಗೆ ಪರದೆಯ ಮೇಲೆ ತೋರಿಸುತ್ತದೆ. ಹಿಂದೆ ಪ್ರಯೋಗಾಲಯದಲ್ಲಿ ಆಮ್ಲ, ಲೋಟ, ತಕ್ಕಡಿ ಹಿಡಿದು ಇದನ್ನೇ ಮಾಡುವಾಗ ಕುಲುಮೆಯ ಲೋಹ ಕಾದು ಕೂರಬೇಕಿತ್ತು, ಇಲ್ಲವೆ ಉತ್ತರ ಬರುವ ಮೊದಲೇ ಅಚ್ಚು ಸೇರಬೇಕಿತ್ತು.

ಯಲಹಂಕದ ಗಾಲಿ

ಗುಜರಿಯನ್ನು ನಂಬಿಕೊಂಡೇ ಜೀವಕ್ಕೆ ಹೊಣೆಯಾದ ವಸ್ತು ತಯಾರಿಸಬಹುದೆ? ಇದಕ್ಕೆ ಕರ್ನಾಟಕದಲ್ಲೇ ದೊಡ್ಡ ಉತ್ತರ ಇದೆ. ಬೆಂಗಳೂರಿನ ಯಲಹಂಕದಲ್ಲಿ 1984ರಲ್ಲಿ ಆರಂಭವಾದ ಗಾಲಿ ಮತ್ತು ಅಚ್ಚು ಕಾರ್ಖಾನೆ, ಈಗಿನ ರೈಲು ಗಾಲಿ ಕಾರ್ಖಾನೆ, ರೈಲ್ವೆಯ ಗುಜರಿಯನ್ನೇ ಕಚ್ಚಾವಸ್ತು ಮಾಡಿಕೊಂಡು ಬೆಳೆಯಿತು. ಸವೆದ ಗಾಲಿ, ಹಳೆಯ ಅಚ್ಚು, ಕಳಚಿದ ಹಳಿಯ ತುಂಡು ವಿದ್ಯುತ್ ಚಾಪದ ಕುಲುಮೆಗೆ ಬೀಳುತ್ತವೆ. ಕರಗಿದ ಉಕ್ಕಿನ ಮಾದರಿಯನ್ನು ಸ್ಪೆಕ್ಟ್ರೋಮೀಟರ್ ಪರೀಕ್ಷಿಸುತ್ತದೆ. ಅಂಕಿಗಳು ಒಪ್ಪಿಗೆಯಾದರೆ ಉಕ್ಕಿನ ದೊಡ್ಡ ಪಾತ್ರೆಯನ್ನು ಮುಚ್ಚಿದ ತೊಟ್ಟಿಯಲ್ಲಿಟ್ಟು, ಗಾಳಿಯ ಒತ್ತಡದಿಂದ ದ್ರವವನ್ನು ಕೊಳವೆಯ ಮೂಲಕ ಮೇಲಕ್ಕೆ, ಗ್ರಾಫೈಟಿನ ಅಚ್ಚಿಗೆ ಏರಿಸುತ್ತಾರೆ. ಮೇಲಿಂದ ಸುರಿದರೆ ಗಾಳಿಯೂ ಕಿಟ್ಟವೂ ಸೇರುತ್ತವೆ. ಕೆಳಗಿನಿಂದ ಏರಿದ ಉಕ್ಕು ಶಾಂತವಾಗಿ ಅಚ್ಚನ್ನು ತುಂಬುತ್ತದೆ. ಅನಂತರ ಕಾಯಿಸಿ ಹದಗೊಳಿಸಿದ ಗಾಲಿಯ ಒಳಗೆ ಬಿರುಕಿದೆಯೇ ಎಂದು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುತ್ತಾರೆ.

ಮೈಸೂರು ಮತ್ತು ನಂಜನಗೂಡಿನ ನಡುವೆ 1891ರಲ್ಲಿ ಮೀಟರ್ ಗೇಜ್ ರೈಲು ಓಡಲಾರಂಭಿಸಿತು. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ ಕಟ್ಟಿದ ಕಪಿಲಾ ಸೇತುವೆ ಆ ಹಳಿಯನ್ನೂ ಹೊತ್ತಿತು. 2000ರ ದಶಕದಲ್ಲಿ ಮಾರ್ಗ ಬ್ರಾಡ್ ಗೇಜ್ ಆದಾಗ ಹಳೆಯ ಹಳಿಯ ಕಾಲ ಮುಗಿಯಿತು. ಸೇತುವೆ ಕಲ್ಲಿನದು, ಸ್ಮಾರಕವಾಗಿ ನಿಂತಿದೆ. ಕಳಚಿದ ಹಳಿ ಮಾತ್ರ ಎಲ್ಲ ಹಳಿಗಳಂತೆ ಗುಜರಿಯ ದಾರಿ ಹಿಡಿಯುವ ವಸ್ತು. ಮತ್ತೆ ಕರಗಿ ಅದು ಏನಾಯಿತೆಂದು ಗುರುತಿಸುವುದು ಅಸಾಧ್ಯ. ಆದರೆ ಹೊಸ ಗಾಲಿಯ ಮಾತು ಬೇರೆ. ಅದರ ಮೈಮೇಲೆ ಸಂಖ್ಯೆಯಿರುತ್ತದೆ. ಆ ಸಂಖ್ಯೆ ಹಿಡಿದು ಹೊರಟರೆ ಅದು ಯಾವ ಕರಗಿಸುವಿಕೆಯಲ್ಲಿ ಹುಟ್ಟಿತೆಂಬ ದಾಖಲೆಗೆ ತಲುಪಬಹುದು. ಗಾಲಿಯೊಂದು ಬಿರುಕು ಬಿಟ್ಟರೆ ಅದರ ಜೊತೆಗೆ ಹುಟ್ಟಿದ ಉಳಿದ ಗಾಲಿಗಳನ್ನು ಹುಡುಕಿ ನೋಡಲು ಈ ದಾಖಲೆ ಬೇಕು. ಕರಗಿದ ಲೋಹ ಮರೆತದ್ದನ್ನು ಕಡತ ನೆನಪಿಡುತ್ತದೆ.

ಕೂಡಿಕೆಯ ಲೆಕ್ಕ

ಬೆರಕೆ ತಿಳಿದ ಮೇಲೆ ಮುಂದಿನ ಹೆಜ್ಜೆ ಮಿಶ್ರಣ. ಒಂದು ಉದಾಹರಣೆ ನೋಡಬಹುದು. ಫೌಂಡ್ರಿಯ ಅಂಗಳದಲ್ಲಿ ಎರಡು ರಾಶಿಗಳಿವೆ ಎನ್ನೋಣ. ಅಗ್ಗದ ರಾಶಿಯಲ್ಲಿ ತಾಮ್ರ ಶೇಕಡ 0.4, ದುಬಾರಿ ರಾಶಿಯಲ್ಲಿ ಶೇಕಡ 0.1. ಗಿರಾಕಿ ಒಪ್ಪುವುದು ಶೇಕಡ 0.2ರವರೆಗೆ. ಆಗ 900 ಕಿಲೋ ತುಂಬಲು ಅಗ್ಗದ್ದು 300 ಕಿಲೋ, ದುಬಾರಿಯದು 600 ಕಿಲೋ ಬೆರೆಸಬಹುದು. ಎರಡು ರಾಶಿ, ಒಂದು ಬೆರಕೆ ಆದರೆ ಇದು ಶಾಲೆಯ ಲೆಕ್ಕ. ಹತ್ತು ರಾಶಿ, ಎಂಟು ಮೂಲವಸ್ತು, ದಿನಕ್ಕೊಂದು ದರ ಎಂದಾಗ ಕೈಲೆಕ್ಕ ಸೋಲುತ್ತದೆ. ಇಂಥ ಹಲವು ಕಟ್ಟುಪಾಡುಗಳ ನಡುವೆ ಅತಿ ಕಡಿಮೆ ಖರ್ಚಿನ ಕೂಡಿಕೆ ಹುಡುಕುವ ಕ್ರಮವನ್ನು ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ರೂಪಿಸಿದ. ಅಂದು ಕೋಣೆಯಷ್ಟು ದೊಡ್ಡ ಯಂತ್ರ ಬೇಡುತ್ತಿದ್ದ ಆ ಲೆಕ್ಕವನ್ನು ಇಂದು ಸಣ್ಣ ಫೌಂಡ್ರಿಯ ಮೇಜಿನ ಮೇಲಿನ ಕಂಪ್ಯೂಟರು ಕ್ಷಣಾರ್ಧದಲ್ಲಿ ಮಾಡುತ್ತದೆ.

ಎರಡನೆಯ ಉಳಿತಾಯ ಅಚ್ಚಿನದು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಅಚ್ಚಿನ ಮೇಲೆ ಹೆಚ್ಚುವರಿ ಲೋಹದ ಕೊಂಬುಗಳನ್ನು ಇಡುತ್ತಾರೆ. ಎರಕ ಆರಿದ ಮೇಲೆ ಅವನ್ನು ಕತ್ತರಿಸಿ ಮತ್ತೆ ಕುಲುಮೆಗೆ ಹಾಕಬೇಕು. ಕೊಂಬು ಚಿಕ್ಕದಾದರೆ ಎರಕದೊಳಗೆ ಪೊಳ್ಳು; ದೊಡ್ಡದಾದರೆ ಲೋಹವನ್ನು ಸುಮ್ಮನೆ ಎರಡು ಸಲ ಕರಗಿಸಿದ ಹಾಗೆ. ಎರಕ ಎಲ್ಲಿ ಮೊದಲು ಆರುತ್ತದೆ, ಎಲ್ಲಿ ಕೊನೆಗೆ ಆರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲೇ ಕಾಣುವ ತಂತ್ರಾಂಶಗಳು ಬಂದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿ ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾದ ಬಿ. ರವಿ ಅವರು ರೂಪಿಸಿದ 'ಆಟೊಕಾಸ್ಟ್' ಭಾರತದ ಫೌಂಡ್ರಿಗಳಿಗೆ ದೊರೆತ ಇಂಥ ಒಂದು ಸಾಧನ.

ಇದರಿಂದ ಆಗುವ ಲಾಭ ಎಷ್ಟು? ಕರಗಿಸಿದ ಲೋಹದಲ್ಲಿ ಶೇಕಡ 60 ಮಾತ್ರ ಮಾರುವ ಎರಕವಾದರೆ, 600 ಕಿಲೋ ಸರಕಿಗೆ 1000 ಕಿಲೋ ಕರಗಿಸಬೇಕು. ಅದು ಶೇಕಡ 70ಕ್ಕೆ ಏರಿದರೆ 857 ಕಿಲೋ ಸಾಕು. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಎರಕದ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ತು ಬೇಕು. ಅಂದರೆ ಅಷ್ಟು ಸರಕಿಗೇ 85 ಯೂನಿಟ್ ಉಳಿಯಿತು. ಕುಲುಮೆಗೆ ಮೀಟರು, ಕಾವಿಗೆ ಸಂವೇದಕ ಜೋಡಿಸಿ ಗಂಟೆ ಗಂಟೆಯ ಅಂಕಿ ಬರೆದಿಟ್ಟರೆ ಇನ್ನೊಂದು ಸತ್ಯವೂ ಹೊರಬೀಳುತ್ತದೆ: ಅಚ್ಚು ಸಿದ್ಧವಾಗದೆ ಕರಗಿದ ಲೋಹ ಕಾಯುತ್ತ ಕುಳಿತ ಹೊತ್ತಿಗೂ ವಿದ್ಯುತ್ತಿನ ಬಿಲ್ಲು ಓಡುತ್ತಿರುತ್ತದೆ. ಈ ಸೋರಿಕೆ ಕಣ್ಣಿಗೆ ಕಾಣದು, ಅಂಕಿಗೆ ಕಾಣುತ್ತದೆ.

ಯಂತ್ರದ ಮಿತಿ

ಸಣ್ಣ ಫೌಂಡ್ರಿಗಳಿಗೆ ಇದೆಲ್ಲ ನಿಲುಕುವುದೆ? ಕರ್ನಾಟಕದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಕೇಳಿಬರುವುದು ಫೌಂಡ್ರಿಗಳ ಊರಾದ ಬೆಳಗಾವಿಯಿಂದ. 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲಿಗೆ ಕೈ ಹಾಕಿದ್ದು ಅಲ್ಲಿಯೇ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವಾದೀತೆಂದು ರೈತರು ಮೊದಲು ಹಿಂಜರಿದರೆಂಬ ಕಥೆ ಪ್ರಸಿದ್ಧ. ಹೊಸದರ ಬಗ್ಗೆ ಅಳುಕು ಸಹಜ. ಸ್ಪೆಕ್ಟ್ರೋಮೀಟರಿನ ಬೆಲೆ ಸಣ್ಣ ಮಾಲೀಕನ ಅಳುಕಿಗೆ ಇನ್ನಷ್ಟು ಕಾರಣ ಕೊಡುತ್ತದೆ. ಹಲವು ಫೌಂಡ್ರಿಗಳು ಸೇರಿ ಒಂದೇ ಪರೀಕ್ಷಾಲಯ ಬಳಸುವುದು ಇದಕ್ಕೆ ಕಂಡುಕೊಂಡ ದಾರಿ.

ಆದರೆ ಬೆಲೆಗಿಂತ ದೊಡ್ಡ ಮಿತಿಯೊಂದಿದೆ. ಯಂತ್ರ ತನಗೆ ಕೊಟ್ಟ ಬಿಲ್ಲೆಯನ್ನು ಮಾತ್ರ ಓದುತ್ತದೆ, ರಾಶಿಯನ್ನಲ್ಲ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿ ವಿಕಿರಣಶೀಲ ಕೋಬಾಲ್ಟ್-60 ಪತ್ತೆಯಾಯಿತು. ಆ ಉಕ್ಕು ಹೋದದ್ದು ಭಾರತದಿಂದ. ಎರಡೇ ವರ್ಷದಲ್ಲಿ, 2010ರ ಏಪ್ರಿಲ್‌ನಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೂಲಿಯವರು ಬಿಚ್ಚಿದ ಹಳೆಯ ಉಪಕರಣವೊಂದರಲ್ಲಿ ಅದೇ ಕೋಬಾಲ್ಟ್ ಇತ್ತು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮೂಲೆಗುಂಪಾಗಿ ಹರಾಜಿಗೆ ಬಂದಿದ್ದ ವಸ್ತು ಅದು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಸತ್ತ. ವಿಕಿರಣ ಅಳೆಯುವ ಸಾಧನ ಇದ್ದದ್ದೇ ಹೌದು. ಆದರೆ ಅದು ಇರಬೇಕಾದದ್ದು ಕುಲುಮೆಯ ಬಾಯಲ್ಲಲ್ಲ, ಲಾರಿ ಒಳಬರುವ ಗೇಟಿನಲ್ಲಿ, ಅದಕ್ಕೂ ಮೊದಲು ಗುಜರಿ ಅಂಗಡಿಯಲ್ಲಿ. ಹಾಗೆಯೇ ನೀರು ನಿಂತ ಡಬ್ಬಿಯೋ ಬಾಯಿ ಮುಚ್ಚಿದ ಕೊಳವೆಯೋ ಕರಗಿದ ಲೋಹಕ್ಕೆ ಬಿದ್ದರೆ ನೀರು ಒಮ್ಮೆಲೆ ಆವಿಯಾಗಿ ಸಿಡಿಯುತ್ತದೆ. ಅದನ್ನು ಆರಿಸಿ ಪಕ್ಕಕ್ಕಿಡುವುದು ರಾಶಿಯ ಮುಂದೆ ಕುಳಿತ ಕೂಲಿಯವನ ಕಣ್ಣು.

ಭಾರತ ಸರ್ಕಾರ 2019ರಲ್ಲಿ ಉಕ್ಕಿನ ಗುಜರಿಯ ನೀತಿಯನ್ನೂ 2021ರಲ್ಲಿ ಹಳೆಯ ವಾಹನಗಳ ನೀತಿಯನ್ನೂ ಪ್ರಕಟಿಸಿತು. ಇನ್ನು ಮುಂದೆ ಕುಲುಮೆಗೆ ಬರುವ ರಾಶಿಯಲ್ಲಿ ವಾಹನಗಳ ಪಾಲು ಹೆಚ್ಚಲಿದೆ. ತಾಮ್ರದ ತೊಡಕೂ ಹೆಚ್ಚಲಿದೆ. ಈ ತೊಡಕಿನ ಎರಡು ತುದಿಗಳೂ ನಂಜನಗೂಡಿನಲ್ಲಿ ಕಾಣಸಿಗುತ್ತವೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಲ್ಲಿ ತನ್ನದಾಗಿಸಿಕೊಂಡ ಕಾರ್ಖಾನೆ ಪ್ರಿಂಟೆಡ್ ಸರ್ಕಿಟ್ ಬೋರ್ಡುಗಳನ್ನು ತಯಾರಿಸುತ್ತದೆ. ಕಾರಾಗಲಿ ಕುಲುಮೆಯಾಗಲಿ ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಯಂತ್ರದ ಮೂಲ ಇಂಥ ಬೋರ್ಡು. ಬೋರ್ಡಿನ ಮೇಲೆ ಹರಿಯುವ ಗೆರೆಗಳು ತಾಮ್ರದವು. ಆಯಸ್ಸು ಮುಗಿದ ಮೇಲೆ ಅದೂ ಒಂದು ದಿನ ತಳ್ಳುಗಾಡಿ ಹತ್ತುತ್ತದೆ.

ಆ ದಿನ ಅದನ್ನು ಕಬ್ಬಿಣದಿಂದ ಬಿಡಿಸಿ ಬೇರೆ ಇಟ್ಟರೆ ತಾಮ್ರವಾಗಿ ಮತ್ತೆ ಹುಟ್ಟುತ್ತದೆ; ಬಿಡಿಸದೆ ಕಬ್ಬಿಣದ ಜೊತೆ ತೂಗಿದರೆ ಉಕ್ಕನ್ನು ಕೆಡಿಸುವ ಬೆರಕೆಯಾಗುತ್ತದೆ. ಯಾವುದಾಗಬೇಕೆಂಬುದು ಕುಲುಮೆಯ ಪರದೆ ಬೆಳಗುವ ಎಷ್ಟೋ ಮೊದಲೇ, ಗುಜರಿಯವನ ತಕ್ಕಡಿಯ ಬಳಿ ತೀರ್ಮಾನವಾಗಿರುತ್ತದೆ. ಬಿಡಿಸಿ ಕೊಟ್ಟವನಿಗೆ ನಾಲ್ಕು ಕಾಸು ಹೆಚ್ಚು ಸಿಗುವಂತೆ, ಬಿಡಿಸುವವನ ಕೈಗೆ ಅಪಾಯ ತಟ್ಟದಂತೆ ನೋಡಿಕೊಂಡರೆ ಫೌಂಡ್ರಿಯ ಕಂಪ್ಯೂಟರಿನ ಕೆಲಸ ಅರ್ಧ ಹಗುರಾಗುತ್ತದೆ.